ಪೆರೊನೀಯಲ್, ಪೆರಿನೀಯಲ್: ಒಂದಕ್ಷರ ತಪ್ಪಿದರೆ ದೇಹದ ಜಾಗವೇ ಬೇರೆ

ಪ್ರಶ್ನೆ: ನಾನು ಚಿಂಚೋಳಿ ತಾಲ್ಲೂಕಿನವಳು. ಪಿಯುಸಿವರೆಗೂ ಕನ್ನಡ ಮಾಧ್ಯಮದಲ್ಲೇ ಓದಿ ಈಗ ಕಲಬುರಗಿಯಲ್ಲಿ ಜಿಎನ್‌ಎಂ ನರ್ಸಿಂಗ್ ಕೋರ್ಸಿನ ಕೊನೆಯ ವರ್ಷದಲ್ಲಿದ್ದೇನೆ. ವಾರ್ಡಿನಲ್ಲಿ ಡಾಕ್ಟರ್ ಬಾಯಲ್ಲಿ ಹೇಳಿದ ‘ಕಾಮನ್ ಪೆರೊನೀಯಲ್ ನರ್ವ್ ಪಾಲ್ಸಿ’ಯನ್ನು ಕಂಪ್ಯೂಟರಿಗೆ ಹಾಕುವಾಗ ‘ಪೆರಿನೀಯಲ್’ ಎಂದು ಹಾಕಿದೆ. ಸ್ಪೆಲಿಂಗ್ ತಪ್ಪೆಂದು ಕಂಪ್ಯೂಟರೂ ತೋರಿಸಲಿಲ್ಲ. ಎರಡಕ್ಕೂ ಏನು ವ್ಯತ್ಯಾಸ? ಪುಸ್ತಕದಲ್ಲಿ ಅದೇ ನರಕ್ಕೆ ‘ಫಿಬ್ಯುಲರ್’ ಎಂದೂ ಇದೆ. ಯಾವುದು ಸರಿ? ‘ಕಾಮನ್’ ಅಂದರೆ ಇದು ಸಾಮಾನ್ಯವಾಗಿ ಎಲ್ಲರಿಗೂ ಬರುವ ಕಾಯಿಲೆ ಅಂತಲೇ? ಬರೆದಾದ ಮೇಲೆ ತಪ್ಪು ತಿದ್ದುವುದು ಹೇಗೆ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ, ತಂಗಿ. ಪೆರೊನೀಯಲ್ ಎಂಬುದು ಮೊಣಕಾಲಿನ ಕೆಳಗೆ, ಕಾಲಿನ ಹೊರಬದಿಗೆ ಸಂಬಂಧಪಟ್ಟದ್ದು. ಪೆರಿನೀಯಲ್ ಎಂಬುದು ಎರಡು ತೊಡೆಗಳ ನಡುವೆ, ಜನನಾಂಗಕ್ಕೂ ಮಲದ್ವಾರಕ್ಕೂ ಮಧ್ಯದ ಜಾಗಕ್ಕೆ ಸಂಬಂಧಪಟ್ಟದ್ದು. ಫಿಬ್ಯುಲರ್ ಎಂಬುದು ಪೆರೊನೀಯಲ್‌ಗೇ ಇನ್ನೊಂದು ಹೆಸರು. ಆದರೆ ಎಲ್ಲ ಕಡೆಯೂ ಒಂದರ ಜಾಗದಲ್ಲಿ ಇನ್ನೊಂದನ್ನು ಇಡಲು ಬರುವುದಿಲ್ಲ. ಕಾಮನ್ ಎಂದರೆ ಇಲ್ಲಿ ಮಾಮೂಲಿ ಎಂದರ್ಥವಲ್ಲ.

ಮೊಣಕಾಲಿನಿಂದ ಹರಡಿನವರೆಗೆ ಎರಡು ಎಲುಬುಗಳಿವೆ. ಒಳಬದಿಯ ದಪ್ಪನೆಯದು ಟಿಬಿಯಾ, ಹೊರಬದಿಯ ತೆಳ್ಳನೆಯದು ಫಿಬ್ಯುಲಾ. ಸೀರೆಯ ಸೆರಗಿಗೆ ಚುಚ್ಚುವ ಸೇಫ್ಟಿ ಪಿನ್ನನ್ನು ನೆನೆಸಿಕೊಳ್ಳಿ: ಗಟ್ಟಿಯಾದ ಬೆನ್ನು ಟಿಬಿಯಾ, ಅದರ ಪಕ್ಕಕ್ಕೆ ಕೂಡುವ ಸಪೂರ ಸೂಜಿ ಫಿಬ್ಯುಲಾ. ಹಳೆಯ ರೋಮಿನವರು ಬಟ್ಟೆಗೆ ಹಾಕುತ್ತಿದ್ದ ಪಿನ್ನಿಗೆ ಲ್ಯಾಟಿನ್ ಭಾಷೆಯಲ್ಲಿ ಫಿಬ್ಯುಲಾ ಎನ್ನುತ್ತಿದ್ದರು. ಅಂಥದ್ದೇ ಪಿನ್ನಿಗೆ ಗ್ರೀಕರು ಪೆರೊನೆ ಎನ್ನುತ್ತಿದ್ದರು. ಎಲುಬಿಗೆ ಲ್ಯಾಟಿನ್ ಹೆಸರು ನಿಂತಿತು. ಅದರ ಸುತ್ತಲಿನ ನರ, ರಕ್ತನಾಳ, ಸ್ನಾಯುಗಳಿಗೆ ಗ್ರೀಕ್ ಹೆಸರು ನಿಂತಿತು. ಒಂದೇ ಅರ್ಥದ ಎರಡು ಶಬ್ದ ಒಂದೇ ಕಾಲಿನಲ್ಲಿ ಸೇರಿಕೊಂಡದ್ದು ಹೀಗೆ.

ಇಷ್ಟು ತಿಳಿದರೆ ಒಂದು ದೊಡ್ಡ ಗೊಂದಲ ಹೋಗುತ್ತದೆ. ಪೆರೊನೀಯಲ್‌ನಲ್ಲಿ ‘ಪೆರಿ’ ಇಲ್ಲವೇ ಇಲ್ಲ. ‘ಪೆರೊನೆ’ ಎಂಬುದು ಒಡೆಯಲು ಬಾರದ ಒಂದೇ ಶಬ್ದ. ಪೆರಿಕಾರ್ಡಿಯಂ, ಪೆರಿಟೋನಿಯಂ ಎಂದು ದಿನವೂ ಕೇಳುವ ವಿದ್ಯಾರ್ಥಿಗಳ ಕೈ ತನ್ನಷ್ಟಕ್ಕೆ ‘ಪೆರಿ’ ಎಂದು ಬರೆದುಬಿಡುತ್ತದೆ. ಆ ‘ಪೆರಿ’ಗೆ ಗ್ರೀಕಿನಲ್ಲಿ ಸುತ್ತಲೂ ಎಂಬ ಅರ್ಥ. ಹೃದಯದ ಸುತ್ತಲಿನ ಚೀಲ ಪೆರಿಕಾರ್ಡಿಯಂ, ಹೊಟ್ಟೆಯ ಒಳಗೋಡೆಗೂ ಅಂಗಗಳಿಗೂ ಹಾಸಿಕೊಂಡ ಪೊರೆ ಪೆರಿಟೋನಿಯಂ. ಕಾಲಿನ ಹೊರಬದಿಯ ಪಿನ್ನಿಗೆ ಇದರ ಸಂಬಂಧ ಏನೂ ಇಲ್ಲ.

ಈಗ ನೀವು ಟೈಪ್ ಮಾಡಬೇಕಿದ್ದಂಥ ಒಂದು ಸಾಲನ್ನೇ ಬಿಡಿಸಿ ನೋಡೋಣ: ‘ರೈಟ್ ಕಾಮನ್ ಪೆರೊನೀಯಲ್ ನರ್ವ್ ಪಾಲ್ಸಿ ಅಟ್ ದ ಫಿಬ್ಯುಲರ್ ನೆಕ್’. ಇದನ್ನು ಹಿಂದಿನಿಂದ ಓದಿಕೊಂಡು ಬಂದರೆ ಕನ್ನಡಕ್ಕೆ ಸಲೀಸಾಗಿ ಕೂರುತ್ತದೆ: ಫಿಬ್ಯುಲಾ ಎಲುಬಿನ ಕತ್ತಿನ ಹತ್ತಿರ, ಬಲಗಾಲಿನ ಕಾಮನ್ ಪೆರೊನೀಯಲ್ ನರ ಸೋತಿದೆ. ಇಲ್ಲಿ ಕತ್ತು ಎಂದರೆ ರೋಗಿಯ ಕುತ್ತಿಗೆ ಅಲ್ಲ, ಎಲುಬಿನ ತಲೆಯ ಕೆಳಗೆ ಅದು ಸಣ್ಣದಾಗುವ ಜಾಗ. ಮೊಣಕಾಲಿನ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ ಬೆರಳಿಟ್ಟು ನೋಡಿ, ಗುಂಡಗೆ ಒಂದು ಗಂಟು ಸಿಗುತ್ತದೆ. ಅದು ಫಿಬ್ಯುಲಾದ ತಲೆ. ಅದರ ಹಿಂದಿನಿಂದ ಕೆಳಗೆ ಜಾರಿದರೆ ಕತ್ತು. ಅಲ್ಲಿ ಈ ನರ ಎಲುಬನ್ನು ಬಳಸಿಕೊಂಡು ಮುಂದಕ್ಕೆ ಬರುತ್ತದೆ. ಮೇಲೆ ಚರ್ಮ, ಅದರಡಿಯ ತೆಳು ಪದರ ಬಿಟ್ಟರೆ ಅದನ್ನು ಕಾಯುವ ಮಾಂಸ ಏನೂ ಇಲ್ಲ. ತೆಳ್ಳನೆಯವರಲ್ಲಿ ಬೆರಳಿನಡಿ ಹುರಿಯಂತೆ ಉರುಳುವುದೂ ತಿಳಿಯುತ್ತದೆ. ಒಮ್ಮೆ ನಿಮ್ಮ ಕಾಲಿನ ಮೇಲೇ ಇದನ್ನು ಹುಡುಕಿಕೊಂಡುಬಿಡಿ. ಬೆರಳು ತಿಳಿದ ಜಾಗದ ಹೆಸರನ್ನು ಕೈ ತಪ್ಪಾಗಿ ಬರೆಯುವುದು ಕಡಿಮೆ.

ಒಂದೇ ಸಾಲಿನಲ್ಲಿ ನರಕ್ಕೆ ಪೆರೊನೀಯಲ್, ಎಲುಬಿನ ಕತ್ತಿಗೆ ಫಿಬ್ಯುಲರ್ ಎಂದು ಬಂದದ್ದನ್ನು ಗಮನಿಸಿ. ಬಳಕೆಯ ಮುಖ್ಯ ನಿಯಮ ಇದೇ. ಎಲುಬಿನ ಮಾತು ಬಂದಾಗ ಫಿಬ್ಯುಲರ್ ಮಾತ್ರ: ಫಿಬ್ಯುಲರ್ ಹೆಡ್, ಫಿಬ್ಯುಲರ್ ಫ್ರ್ಯಾಕ್ಚರ್. ‘ಪೆರೊನೀಯಲ್ ಫ್ರ್ಯಾಕ್ಚರ್’ ಎಂದು ಯಾರೂ ಬರೆಯುವುದಿಲ್ಲ, ನೀವೂ ಬರೆಯಬೇಡಿ. ನರ, ರಕ್ತನಾಳ, ಸ್ನಾಯು, ಸ್ನಾಯುವನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜುಗಳಿಗೆ ಪೆರೊನೀಯಲ್ ಎಂದರೂ ಸರಿ, ಫಿಬ್ಯುಲರ್ ಎಂದರೂ ಸರಿ. ಹಿಮ್ಮಡಿಯ ಎಲುಬಿನ ಮೇಲಿನ ಒಂದು ಸಣ್ಣ ಉಬ್ಬಿಗೆ ಪೆರೊನೀಯಲ್ ಟ್ಯೂಬರ್ಕಲ್ ಎಂಬ ಹೆಸರಿದೆ. ಅದು ಎಲುಬಿನ ಭಾಗವಾದರೂ ಪೆರೊನೀಯಲ್ ಸ್ನಾಯುರಜ್ಜುಗಳು ಅದನ್ನು ಸವರಿಕೊಂಡು ಹೋಗುವುದರಿಂದ ಆ ಹೆಸರು ಬಂತು.

ನಮ್ಮ ಭಾಗದಲ್ಲಿ ಈ ಎರಡೂ ಶಬ್ದ ಒಂದೇ ಆಪರೇಷನ್ ನೋಟಿನಲ್ಲಿ ಕಾಣಿಸುವ ಸಂದರ್ಭ ಇನ್ನೊಂದಿದೆ. ಗುಟ್ಕಾ, ತಂಬಾಕಿನಿಂದ ಬಾಯಿ ಕ್ಯಾನ್ಸರ್ ಆಗಿ ಕೆಳದವಡೆಯ ಎಲುಬು ತೆಗೆದವರಿಗೆ ಕಾಲಿನ ಫಿಬ್ಯುಲಾದ ಒಂದು ತುಂಡನ್ನು ತಂದು ದವಡೆ ಕಟ್ಟುತ್ತಾರೆ. ಆ ತುಂಡಿಗೆ ರಕ್ತ ಕೊಡುವ ಪೆರೊನೀಯಲ್ ಆರ್ಟರಿಯನ್ನೂ ಜೊತೆಗೇ ತಂದು ಕುತ್ತಿಗೆಯ ರಕ್ತನಾಳಕ್ಕೆ ಹೊಲಿಯುತ್ತಾರೆ. ಆ ನೋಟಿನಲ್ಲಿ ‘ಫಿಬ್ಯುಲಾ ಫ್ಲ್ಯಾಪ್’ ಎಂದೂ ‘ಪೆರೊನೀಯಲ್ ವೆಸೆಲ್ಸ್’ ಎಂದೂ ಅಕ್ಕಪಕ್ಕ ಇರುತ್ತದೆ. ಎರಡೂ ಸರಿ, ಒಂದನ್ನು ಇನ್ನೊಂದಕ್ಕೆ ತಿದ್ದಬೇಕಿಲ್ಲ.

ಇನ್ನು ‘ಕಾಮನ್’. ಈ ಪ್ರಶ್ನೆ ಕೇಳಿದ್ದಕ್ಕೆ ನನಗೆ ನಿಜವಾಗಿ ಸಂತೋಷವಾಯಿತು. ಇದನ್ನು ಮನಸ್ಸಿನಲ್ಲೇ ‘ಸಾಮಾನ್ಯ’ ಎಂದು ತಿಳಿದು ಮುಂದೆ ಹೋಗಿಬಿಡುವವರು ಬಹಳ ಮಂದಿ. ಅಂಗರಚನಾಶಾಸ್ತ್ರದಲ್ಲಿ ಕಾಮನ್ ಎಂದರೆ ಇನ್ನೂ ಕವಲೊಡೆಯದ, ಕವಲುಗಳೆರಡಕ್ಕೂ ಸೇರಿದ ಮೂಲ ಭಾಗ. ಕಾಮನ್ ಕ್ಯಾರೊಟಿಡ್, ಕಾಮನ್ ಇಲಿಯಾಕ್, ಕಾಮನ್ ಬೈಲ್ ಡಕ್ಟ್ ಎಂಬ ಹೆಸರುಗಳಲ್ಲೂ ಈ ಶಬ್ದಕ್ಕೆ ‘ಹಂಚಿಕೊಂಡ’ ಎಂಬ ಅರ್ಥವೇ. ತೊಡೆಯ ಹಿಂದೆ ಇಳಿದು ಬರುವ ಸಯಾಟಿಕ್ ನರ ಮೊಣಕಾಲಿನ ಮೇಲ್ಗಡೆ ಎರಡಾಗುತ್ತದೆ. ಒಂದು ಟಿಬಿಯಲ್, ಇನ್ನೊಂದು ಕಾಮನ್ ಪೆರೊನೀಯಲ್. ಈ ಕಾಮನ್ ಪೆರೊನೀಯಲ್ ಫಿಬ್ಯುಲಾದ ಕತ್ತು ದಾಟಿದ ಕೂಡಲೇ ಮತ್ತೆ ಒಡೆದು ಸೂಪರ್‌ಫಿಶಿಯಲ್ ಮತ್ತು ಡೀಪ್ ಎಂದು ಎರಡಾಗುತ್ತದೆ. ಆದ್ದರಿಂದ ‘ಕಾಮನ್’ ಬಿಟ್ಟು ಬರೀ ‘ಪೆರೊನೀಯಲ್ ನರ್ವ್’ ಎಂದು ಬರೆದರೆ ಮೂರರಲ್ಲಿ ಯಾವುದು ಎಂದು ಓದುವವರಿಗೆ ತಿಳಿಯುವುದಿಲ್ಲ. ಡಾಕ್ಟರ್ ಹೇಳಿದ್ದರೆ ಅದನ್ನು ಎಂದೂ ಕೈಬಿಡಬೇಡಿ.

ಮೂರಕ್ಕೂ ಲಕ್ಷಣ ಬೇರೆ ಬೇರೆ. ಡೀಪ್ ಪೆರೊನೀಯಲ್ ಪಾದವನ್ನೂ ಬೆರಳುಗಳನ್ನೂ ಮೇಲೆತ್ತುವ ಸ್ನಾಯುಗಳಿಗೆ ಹೋಗುತ್ತದೆ. ಹೆಬ್ಬೆರಳಿಗೂ ಅದರ ಪಕ್ಕದ ಬೆರಳಿಗೂ ನಡುವಿನ ಸಣ್ಣ ಜಾಗದ ಚರ್ಮದ ಅರಿವು ಇದರದೇ. ಸೂಪರ್‌ಫಿಶಿಯಲ್ ಪೆರೊನೀಯಲ್ ಪಾದವನ್ನು ಹೊರಕ್ಕೆ ತಿರುವುವ ಸ್ನಾಯುಗಳಿಗೆ ಹೋಗುತ್ತದೆ; ಕೆಳಗಾಲಿನ ಹೊರಬದಿ ಮತ್ತು ಪಾದದ ಮೇಲ್ಭಾಗದ ಹೆಚ್ಚಿನ ಚರ್ಮದ ಅರಿವೂ ಅದರದೇ. ಕಾಮನ್ ಪೆರೊನೀಯಲ್‌ಗೇ ಪೆಟ್ಟಾದರೆ ಎರಡೂ ಹೋಗುತ್ತವೆ. ಪಾದ ಕೆಳಗೆ ಬೀಳುತ್ತದೆ, ಅದೇ ಫುಟ್ ಡ್ರಾಪ್. ರೋಗಿ ಕಾಲನ್ನು ಮೊಣಕಾಲಿನಿಂದ ಎತ್ತರಕ್ಕೆತ್ತಿ, ಪಾದವನ್ನು ಪಟ್ಟನೆ ಊರಿ ನಡೆಯುತ್ತಾರೆ. ನಮ್ಮ ಕಡೆಯವರು ಬಂದು ಹೇಳುವುದು ಹೀಗೆ: ‘ಪಾದ ಮ್ಯಾಲ ಏಳವಲ್ದರೀ, ಚಪ್ಪಲಿ ಕಾಲಾಗ ನಿಂದ್ರಂಗಿಲ್ಲ.’ ಚಪ್ಪಲಿ ಜಾರಿ ಹೋಗುತ್ತದೆ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನಿಮಗೆ ಪೆರೊನೀಯಲ್ ನೆನಪಾಗಬೇಕು. ಆಮೇಲೆ ಡಾಕ್ಟರ್ ಬಾಯಿಂದ ಆ ಶಬ್ದ ಬಂದಾಗ ಕಿವಿ ತಪ್ಪುವುದಿಲ್ಲ.

ಕಲಬುರಗಿ, ಬೀದರ್, ಯಾದಗಿರಿಯ ಆಸ್ಪತ್ರೆಗಳಲ್ಲಿ ಕೆಲಸ ಮಾಡುವವರಿಗೆ ಈ ನರ ಪುಸ್ತಕದ ಮಾತಾಗಿಯೇ ಉಳಿಯುವುದಿಲ್ಲ. ತೊಗರಿ ಹೊಲದಲ್ಲಿ ಖುರ್ಪಿ ಹಿಡಿದು ಕುಕ್ಕರಗಾಲಿನಲ್ಲಿ ಇಡೀ ದಿನ ಕಳೆ ತೆಗೆಯುವವರಿಗೆ, ಹಾಗೇ ಕೂತು ನೆಲಕ್ಕೆ ಫರಸಿ ಹಾಸುವವರಿಗೆ ಮೊಣಕಾಲು ಪೂರ್ತಿ ಮಡಚಿದಾಗ ಈ ನರ ಅದುಮಿಕೊಳ್ಳುತ್ತದೆ. ಹೊತ್ತು ಹೆಚ್ಚಾದರೆ ಎದ್ದಾಗ ಪಾದ ಮೇಲೇಳುವುದಿಲ್ಲ. ಮೊಣಕಾಲಿನ ಕೆಳಗೆ ಬಿಗಿಯಾಗಿ ಹಾಕಿದ ಪ್ಲಾಸ್ಟರು, ಮಂಚದ ಕಬ್ಬಿಣದ ಪಟ್ಟಿಗೆ ಒತ್ತಿಕೊಂಡ ಕಾಲು, ಬಹಳ ದಿನ ಮಲಗಿ ಸೊರಗಿದ ದೇಹ, ಇವೂ ಕಾರಣಗಳು. ಪ್ಲಾಸ್ಟರ್ ಹಾಕಿಸಿಕೊಂಡವರ ಹತ್ತಿರ ಹೋದಾಗಲೆಲ್ಲ ‘ಹೆಬ್ಬೆರಳು ಮ್ಯಾಲೆತ್ರಿ’ ಎಂದು ಕೇಳಿ ನೋಡಿ. ಎತ್ತಲಾಗದಿದ್ದರೆ ತಡಮಾಡದೆ ಡಾಕ್ಟರನ್ನು ಕರೆಯಿರಿ. ಕುಷ್ಠರೋಗದಲ್ಲೂ ಈ ನರ ದಪ್ಪಗಾಗುತ್ತದೆ, ಸೋಲುತ್ತದೆ. ಮುಟ್ಟಿದರೆ ತಿಳಿಯದ ಮಚ್ಚೆಯ ಜೊತೆಗೆ ಪಾದ ಬಿದ್ದಿದ್ದರೆ ಮೊದಲು ಆ ಕಡೆ ಯೋಚಿಸಬೇಕು. ಅದರ ಔಷಧ ಸರ್ಕಾರಿ ಆಸ್ಪತ್ರೆಗಳಲ್ಲಿ ಪುಕ್ಕಟೆ ಸಿಗುತ್ತದೆ. ಬೇಗ ಗುರುತಿಸಿದಷ್ಟೂ ಪಾದ ಉಳಿಯುವ ಅವಕಾಶ ಹೆಚ್ಚು.

ಕುಷ್ಠರೋಗದ ಹಳೆಯ ಕೈಪಿಡಿಗಳನ್ನು ತೆರೆದರೆ ಇದೇ ನರಕ್ಕೆ ಇನ್ನೂ ಒಂದು ಹೆಸರು ಸಿಗುತ್ತದೆ, ಲ್ಯಾಟರಲ್ ಪಾಪ್ಲಿಟಿಯಲ್. ಪಾಪ್ಲಿಟಿಯಲ್ ಎಂದರೆ ಮೊಣಕಾಲಿನ ಹಿಂದಿನ ಗುಳಿಗೆ ಸಂಬಂಧಪಟ್ಟದ್ದು, ಲ್ಯಾಟರಲ್ ಎಂದರೆ ಹೊರಬದಿಯದು. ಬ್ರಿಟಿಷ್ ಪುಸ್ತಕಗಳಲ್ಲಿ ಓದಿದ ಹಿರಿಯ ಡಾಕ್ಟರುಗಳು ಈಗಲೂ ಹೀಗೆನ್ನುತ್ತಾರೆ. ರೋಗಗಳಿಗೆ ಸಂಕೇತ ಕೊಡುವ ಐಸಿಡಿ-10 ಪಟ್ಟಿಯಲ್ಲೂ ಜಿ57.3 ಸಂಖ್ಯೆಯ ಎದುರು ಇರುವುದು ಲ್ಯಾಟರಲ್ ಪಾಪ್ಲಿಟಿಯಲ್ ಎಂಬ ಹೆಸರೇ. ಅದರ ಅಡಿಯಲ್ಲಿ ಪೆರೊನೀಯಲ್ ನರ್ವ್ ಪಾಲ್ಸಿ ಎಂದಿದೆ. ಪೆರೊನೀಯಲ್, ಫಿಬ್ಯುಲರ್, ಲ್ಯಾಟರಲ್ ಪಾಪ್ಲಿಟಿಯಲ್: ಮೂರು ಹೆಸರು, ನರ ಒಂದೇ.

ಹಾಗಾದರೆ ಫಿಬ್ಯುಲರ್ ಎಂಬ ಹೆಸರಿಗೆ ಈಚೆಗೆ ಇಷ್ಟು ಒತ್ತು ಏಕೆ? ನಿಮ್ಮ ಕೈಯಲ್ಲಾದ ಗೊಂದಲವೇ ಅದಕ್ಕೆ ಕಾರಣ. ಪೆರೊನೀಯಲ್, ಪೆರಿನೀಯಲ್ ಎರಡೂ ಇಂಗ್ಲಿಷ್ ಮಾತನಾಡುವವರ ಬಾಯಲ್ಲಿ ಬಹುಮಟ್ಟಿಗೆ ಒಂದೇ ರೀತಿ ಕೇಳುತ್ತವೆ. ಅವರು ಒತ್ತು ಹಾಕುವುದು ‘ನೀ’ ಮೇಲೆ, ನಡುವಿನ ಸ್ವರ ಸವೆದುಹೋಗುತ್ತದೆ. ದೇಹದ ಭಾಗಗಳಿಗೆ ಲೋಕಕ್ಕೆಲ್ಲ ಒಂದೇ ಹೆಸರಿರಲಿ ಎಂದು ಅಂಗರಚನಾ ತಜ್ಞರು ಪಟ್ಟಿ ಮಾಡುವ ಕೆಲಸವನ್ನು 1895ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಒಂದು ಹಂತಕ್ಕೆ ತಂದರು. ಅದೇ ಪರಂಪರೆಯಲ್ಲಿ 1998ರಲ್ಲಿ ಹೊರಬಂದ ಟರ್ಮಿನೋಲಾಜಿಯಾ ಅನಾಟಮಿಕಾ ಎಂಬ ಪಟ್ಟಿ ಫಿಬ್ಯುಲಾರಿಸ್ ಎಂಬ ರೂಪವನ್ನು ಮುಂದಿಟ್ಟು, ಪೆರೊನಿಯಸ್ ಎಂಬುದನ್ನು ಪರ್ಯಾಯವಾಗಿ ಉಳಿಸಿತು. ಹೊಸ ಪಠ್ಯಪುಸ್ತಕಗಳು ಅದನ್ನು ಅನುಸರಿಸುತ್ತವೆ. ಆಪರೇಷನ್ ಥಿಯೇಟರು, ನರ ಪರೀಕ್ಷೆಯ ವರದಿಗಳಲ್ಲಿ ಇನ್ನೂ ಹೆಚ್ಚಾಗಿ ಕಾಣುವುದು ಪೆರೊನೀಯಲ್ಲೇ.

ನನ್ನ ಅಭಿಪ್ರಾಯ ಕೇಳಿದರೆ, ಸ್ವಂತವಾಗಿ ಬರೆಯುವಾಗ ಫಿಬ್ಯುಲರ್ ಎಂದೇ ಬರೆಯುವುದು ಒಳ್ಳೆಯದು. ಅದನ್ನು ಪೆರಿನೀಯಲ್ ಎಂದು ಯಾರೂ ಕೇಳಿಸಿಕೊಳ್ಳುವುದಿಲ್ಲ. ಪರೀಕ್ಷೆಯಲ್ಲಿ ಮೊದಲ ಸಲ ‘ಕಾಮನ್ ಫಿಬ್ಯುಲರ್ ಅಥವಾ ಪೆರೊನೀಯಲ್’ ಎಂದು ಎರಡನ್ನೂ ಕೊಟ್ಟು ಮುಂದೆ ಒಂದನ್ನೇ ಹಿಡಿದುಕೊಳ್ಳಿ. ಆದರೆ ಡಾಕ್ಟರ್ ಹೇಳಿದ್ದನ್ನು ದಾಖಲಿಸುವಾಗ ಅವರ ಶಬ್ದವೇ ಇರಬೇಕು. ಅವರು ಪೆರೊನೀಯಲ್ ಎಂದರೆ ನೀವು ಫಿಬ್ಯುಲರ್ ಮಾಡಬೇಡಿ. ಒಂದೇ ಫೈಲಿನ ಒಂದು ಪುಟದಲ್ಲಿ ಒಂದು ಹೆಸರು, ಇನ್ನೊಂದರಲ್ಲಿ ಇನ್ನೊಂದು ಬಂದರೆ ಎರಡು ನರಕ್ಕೆ ಪೆಟ್ಟಾಗಿದೆ ಎಂದು ಓದುವವರು ತಿಳಿಯಬಹುದು.

ಕಂಪ್ಯೂಟರ್ ಕೆಂಪು ಗೆರೆ ಎಳೆಯಲಿಲ್ಲ ಎಂದಿರಿ. ಎಳೆಯುವುದೂ ಇಲ್ಲ. ಪೆರಿನೀಯಲ್ ಕೂಡ ಸರಿಯಾದ ಶಬ್ದವೇ, ಪೆರಿನೀಯಲ್ ನರ್ವ್ ಎಂಬ ನರವೂ ಇದೆ. ಅದು ಸೊಂಟದ ಕೆಳಗಿನ ಪ್ಯೂಡೆಂಡಲ್ ನರದ ಕವಲು. ಅಪಾಯ ಇರುವುದು ಇಲ್ಲೇ, ತಪ್ಪಾಗಿ ಬರೆದದ್ದಕ್ಕೂ ಒಂದು ನಿಜವಾದ ಅರ್ಥ ಇರುತ್ತದೆ. ‘ಪೆರಿನೀಯಲ್ ಟೇರ್’ ಎಂದರೆ ಹೆರಿಗೆಯಲ್ಲಿ ಆಗುವ ಸೀಳು. ಅದಕ್ಕೆ ನಾಲ್ಕು ದರ್ಜೆ ಇವೆ, ಮೂರನೆಯದರಲ್ಲಿ ಮಲದ್ವಾರದ ಸ್ನಾಯುವಿಗೂ ನಾಲ್ಕನೆಯದರಲ್ಲಿ ಗುದನಾಳದ ಒಳಪದರಕ್ಕೂ ಸೀಳು ಹೋಗಿರುತ್ತದೆ. ‘ಪೆರೊನೀಯಲ್ ಟೇರ್’ ಎಂದರೆ ಹರಡಿನ ಹೊರಬದಿಯ ಸ್ನಾಯುರಜ್ಜು ಹರಿದದ್ದು. ‘ಬ್ಲಾಕ್’, ಅಂದರೆ ನರವನ್ನು ಮರಗಟ್ಟಿಸುವ ಇಂಜೆಕ್ಷನ್, ಎಂದಾಗಲೂ ಹೀಗೆಯೇ, ಸೂಜಿ ಹಾಕಬೇಕಾದ ಜಾಗವೇ ಬೇರೆಯಾಗುತ್ತದೆ. ‘ಪೆರಿನೀಯಲ್ ಕೇರ್’ ನೀವು ದಿನವೂ ಮಾಡುವ ಕೆಲಸ, ಮುಂದಿನಿಂದ ಹಿಂದಕ್ಕೆ ಒರೆಸಬೇಕು ಎಂದು ಕಲಿತದ್ದು. ‘ಪೆರೊನೀಯಲ್ ಕೇರ್’ ಎಂಬುದು ಇಲ್ಲ.

ಪಕ್ಕದಲ್ಲೇ ಇನ್ನೆರಡು ಶಬ್ದ ಇವೆ. ಪೆರಿಟೋನೀಯಲ್ ಹೊಟ್ಟೆಯ ಪೊರೆಗೆ ಸಂಬಂಧಪಟ್ಟದ್ದು, ಕಿಡ್ನಿ ಸೋತವರಿಗೆ ಹೊಟ್ಟೆಯ ಮೂಲಕ ಮಾಡುವ ಡಯಾಲಿಸಿಸ್ಸಿಗೆ ಆ ಹೆಸರು. ಪೆರಿನ್ಯೂರಲ್ ಎಂದರೆ ನರದ ಸುತ್ತಲಿನದು, ಯಾವ ನರವಾದರೂ ಆಗಬಹುದು. ಕ್ಯಾನ್ಸರ್ ವರದಿಯಲ್ಲಿ ‘ಪೆರಿನ್ಯೂರಲ್ ಇನ್ವೇಷನ್’ ಎಂದಿದ್ದರೆ ಗಡ್ಡೆ ನರದ ಗುಂಟ ಹಬ್ಬಿದೆ ಎಂದರ್ಥ.

ತಪ್ಪದಿರಲು ಉಪಾಯ ಏನು? ಪಕ್ಕದ ಶಬ್ದಗಳನ್ನು ನೋಡಿ. ಫುಟ್ ಡ್ರಾಪ್, ಮೊಣಕಾಲು, ಪ್ಲಾಸ್ಟರು, ರೈಟ್, ಲೆಫ್ಟ್ ಎಂದಿದ್ದರೆ ಅದು ‘ರೊ’. ಹೆರಿಗೆ, ಹೊಲಿಗೆ, ಕ್ಯಾಥೆಟರ್, ಮಲಮೂತ್ರ ಎಂದಿದ್ದರೆ ‘ರಿ’. ಪೆರೊನೀಯಲ್ ನರದ ತೊಂದರೆಯ ಜೊತೆಗೆ ಎಡವೋ ಬಲವೋ ಬರಲೇಬೇಕು, ಕಾಲು ಎರಡಿವೆ. ಪೆರಿನೀಯಮ್ ದೇಹದ ನಡುವಿನ ಗೆರೆಯ ಮೇಲಿರುವುದರಿಂದ ಅಲ್ಲಿ ಎಡಬಲ ಹೇಳುವುದು ಕಡಿಮೆ. ಅದಕ್ಕಿಂತ ದೊಡ್ಡ ಅನುಕೂಲ ನಮ್ಮ ನಾಲಗೆಯಲ್ಲೇ ಇದೆ. ಕನ್ನಡದಲ್ಲಿ ನಾವು ಸ್ವರ ನುಂಗುವುದಿಲ್ಲ, ‘ರೊ’ ಎಂದರೆ ‘ರೊ’, ‘ರಿ’ ಎಂದರೆ ‘ರಿ’. ಇಂಗ್ಲಿಷಿನವರ ಹಾಗೆ ಸವೆಸಿ ಹೇಳಲು ಹೋಗದೆ ಪೆ-ರೊ-ನೀ-ಯಲ್ ಎಂದು ಬಿಡಿಸಿ ಹೇಳಿ. ಉಚ್ಚಾರ ಹಳ್ಳಿಯದಾಯಿತೆಂದು ನಾಚಿಕೊಳ್ಳುವ ಅಗತ್ಯವಿಲ್ಲ. ರೋಗಿಗೆ ಒಳ್ಳೆಯದಾಗುವ ಉಚ್ಚಾರ ಅದೇ. ಸಂದೇಹ ಬಂದರೆ ಕೇಳಿಬಿಡಿ: ‘ಸರ್, ಕಾಲಿಂದೋ, ಕೆಳಗಿಂದೋ?’

ವ್ಯಾಕರಣದ ಒಂದು ಮಾತನ್ನು ಬೇಗ ಹೇಳಿ ಮುಗಿಸುತ್ತೇನೆ. ಪೆರೊನೀಯಲ್ ಗುಣವಾಚಕ, ಅದರ ಮುಂದೆ ನಾಮಪದ ಇರಲೇಬೇಕು: ಪೆರೊನೀಯಲ್ ನರ್ವ್, ಪೆರೊನೀಯಲ್ ಟೆಂಡನ್. ಫಿಸಿಯೋಥೆರಪಿಯವರು ಮಾತಿನಲ್ಲಿ ‘ಪೆರೊನೀಯಲ್ಸ್ ವೀಕ್ ಇವೆ’ ಎನ್ನುವುದುಂಟು. ಮಾತಿಗೆ ಅದು ಸಾಕು, ದಾಖಲೆಯಲ್ಲಿ ‘ಪೆರೊನೀಯಲ್ ಮಸಲ್ಸ್’ ಎಂದೇ ಬರೆಯಿರಿ. ಸ್ನಾಯುವಿನ ಹೆಸರಾಗಿ ಬರುವಾಗ ರೂಪ ಪೆರೊನಿಯಸ್: ಪೆರೊನಿಯಸ್ ಲಾಂಗಸ್, ಪೆರೊನಿಯಸ್ ಬ್ರೆವಿಸ್. ಎಲುಬಿನ ಹೆಸರಿನಿಂದ ಗುಣವಾಚಕ ಮಾಡುವಾಗ ಟಿಬಿಯಾ ಟಿಬಿಯಲ್ ಆಗುತ್ತದೆ, ಅಲ್ನಾ ಅಲ್ನರ್ ಆಗುತ್ತದೆ. ಫೀಮರ್ ಮಾತ್ರ ಫೆಮೊರಲ್ ಆಗುತ್ತದೆ, ‘ಫೆಮುರಲ್’ ಎಂದು ಬರೆದರೆ ತಪ್ಪು.

ಕೊನೆಗೆ, ಆಗಲೇ ಬರೆದದ್ದನ್ನು ತಿದ್ದುವ ವಿಷಯ. ಕಾಗದದ ದಾಖಲೆಯಾದರೆ ವೈಟ್ನರ್ ಹಚ್ಚಬೇಡಿ, ಕೆರೆದು ಅಳಿಸಬೇಡಿ. ತಪ್ಪು ಶಬ್ದ ಓದಲು ಬರುವ ಹಾಗೆ ಒಂದೇ ಗೆರೆ ಎಳೆದು, ಮೇಲೆ ಸರಿಯಾದದ್ದನ್ನು ಬರೆದು, ಸಹಿ, ತಾರೀಖು, ವೇಳೆ ಹಾಕಿ. ಕಂಪ್ಯೂಟರಿನಲ್ಲಿ ಆಗಲೇ ಸೇವ್ ಆಗಿದ್ದರೆ ಡಾಕ್ಟರಿಗೆ ತಿಳಿಸಿ, ಅವರ ಒಪ್ಪಿಗೆಯಿಂದ ತಿದ್ದುಪಡಿಯ ಟಿಪ್ಪಣಿ ಸೇರಿಸಿ. ಡಿಸ್ಚಾರ್ಜ್ ಸಾರಾಂಶ ರೋಗಿಯ ಕೈಗೆ ಹೋಗಿದ್ದರೆ ಫೋನ್ ಮಾಡಿ ಕರೆಸಿ ಹೊಸದನ್ನು ಕೊಡಿ. ಜೊತೆಗೆ ಐಸಿಡಿ ಸಂಖ್ಯೆಯನ್ನೂ ನೋಡಿ: ನಿಮ್ಮ ರೋಗಿಗೆ ಜಿ57.3 ಇರಬೇಕು. ತಪ್ಪು ಶಬ್ದ ನೋಡಿ ಯಾರಾದರೂ ಹೆರಿಗೆಯ ಸೀಳಿಗೆ ಮೀಸಲಾದ ಒ70ರ ಗುಂಪಿನ ಸಂಖ್ಯೆ ಹಾಕಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಅಡಿ ಕಳಿಸುವ ಕ್ಲೇಮು ತಡೆಯಬಹುದು, ಬಡ ರೋಗಿ ಅಲೆದಾಡಬೇಕಾಗಬಹುದು. ಬಿಲ್ಲಿಂಗ್ ವಿಭಾಗಕ್ಕೆ ಕಾಗದ ಹೋಗುವ ಮುಂಚೆಯೇ ಇದನ್ನು ಸರಿಮಾಡಿಸಿಬಿಡಿ.